ಕಣ ಸುತ್ತಿದ ಕೂರಿಗೆ

ಕೊಟ್ಟೂರಿನಿಂದ ಹೊರಬೀಳುವ ದಾರಿಯಲ್ಲಿ, ಊರ ಕೊನೆಯ ಹಿಟ್ಟಿನ ಗಿರಣಿ ದಾಟಿದ ಮೇಲೆ, ಒಂದು ಕಾಲಕ್ಕೆ ನಮ್ಮ ಹೊಲವಿದ್ದ ಕಡೆ ಈಗ ಮನೆಗಳಿವೆ. ಮನೆಗಳ ನಡುವೆ ಹಾಯುವ ರಸ್ತೆ ನೇರವಾಗಿ ಬಂದು, ಒಂದೆಡೆ ಇದ್ದಕ್ಕಿದ್ದಂತೆ ಎರಡಾಗಿ ಸೀಳಿ, ದುಂಡನೆಯ ಬಯಲೊಂದನ್ನು ಸುತ್ತಿ, ಮತ್ತೆ ಒಂದಾಗಿ ಮುಂದೆ ಹೋಗುತ್ತದೆ. ಹೊಸದಾಗಿ ಬಂದವರು ಇದೇಕೆ ಹೀಗೆ ಎಂದು ಕೇಳುತ್ತಾರೆ. ಉತ್ತರ ಹೇಳುವವರಿಗೆ ನಮ್ಮಲ್ಲಿ ಬರವಿಲ್ಲ. ಮೈಲಾರಲಿಂಗ ಎತ್ತುಗಳ ಮುಂದೆ ನಿಂತು ಹೊರಳಿಸಿದನೆನ್ನುವವರಿದ್ದಾರೆ. ಕೆಳಗೆ ಯಾವುದೋ ಗುಡಿಯ ಬುನಾದಿ ಇದೆಯೆನ್ನುವವರಿದ್ದಾರೆ. ಕಚೇರಿಯವರ ನಿಯಮವೇ ಹಾಗಿತ್ತು ಎಂದು ತಿಳಿದವರಂತೆ ತಲೆದೂಗುವವರೂ ಇದ್ದಾರೆ.

ಈ ಮೂರನ್ನೂ ನಾನು ಒಪ್ಪುವುದಿಲ್ಲ. ಮೂರನೆಯ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಓದಿದ್ದೆಲ್ಲ ಗ್ರಂಥಾಲಯದ ಬೆಂಚಿನ ಮೇಲೆ, ಹಳೆಯ ಅಳತೆ ನಕ್ಷೆಗಳ ಮುಂದೆ. ಯಾರೋ ಹೇಳಿದರೆಂದು ನಂಬುವ ಅಭ್ಯಾಸ ನನಗೆ ಅಂಟಲಿಲ್ಲ. ಆದರೆ ಆ ರಸ್ತೆಗೆ ನಾಲ್ಕನೆಯ ಕಾರಣವೊಂದಿತ್ತು. ಅದನ್ನು ನಾನೇ ಕಟ್ಟಿ, ನಾನೇ ನಂಬಿ, ಎರಡು ವರ್ಷ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದೆ. ಉಳಿದ ಮೂರನ್ನು ಅಲ್ಲಗಳೆದವನು ಅದೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಮ್ಮದು ಹತ್ತು ಎಕರೆ ಹೊಲ. ಅದರಲ್ಲಿ ಊರಿಗೆ ಹತ್ತಿದ ನಾಲ್ಕು ಎಕರೆಯಲ್ಲಿ ಒಕ್ಕಲುತನ ಮಾಡುವುದು ಆಗಲೇ ನಗೆಪಾಟಲಾಗಿತ್ತು. ಶೇಂಗಾ ಬಿತ್ತಿದರೆ ಶಾಲೆ ಬಿಟ್ಟ ಹುಡುಗರು ಕಾಯಿ ಬಲಿಯುವ ಮೊದಲೇ ಕಿತ್ತು ತಿನ್ನುತ್ತಿದ್ದರು; ಜೋಳದ ನಡುವೆ ಕ್ರಿಕೆಟ್ಟಿನ ಚೆಂಡು ಹುಡುಕಲು ಬಂದವರ ಕಾಲ್ದಾರಿಗಳೇ ಸಾಲುಗಳಿಗಿಂತ ಹೆಚ್ಚಾಗಿದ್ದವು. ನನ್ನ ಮಕ್ಕಳಿಗೂ ತಮ್ಮನ ಮಕ್ಕಳಿಗೂ ಮದುವೆಯಾಗಿ ಒಂದೇ ಮಾಳಿಗೆ ಮನೆಯಲ್ಲಿ ಹಾಸಿಗೆ ಹಾಸಲು ಸರದಿ ಬಂದಿತ್ತು. ಆ ನಾಲ್ಕು ಎಕರೆಯನ್ನು ಸೈಟು ಮಾಡಿ, ನಮಗೆ ಬೇಕಾದ ಮನೆಗಳನ್ನು ಅಲ್ಲಿಯೇ ಕಟ್ಟಿಕೊಂಡು, ಉಳಿದದ್ದನ್ನು ಪರಿಚಯದವರಿಗೆ ಕೊಟ್ಟು, ಹಿಂದಿನ ಆರು ಎಕರೆಯನ್ನು ಎಂದಿನಂತೆ ಉಳುವುದೆಂದು ಅಣ್ಣತಮ್ಮಂದಿರಿಬ್ಬರೂ ಒಪ್ಪಿದೆವು. ತಮ್ಮ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ ಮಾಡುತ್ತಿದ್ದ. ಲೆಕ್ಕದಲ್ಲಿ ಚುರುಕು, ಮಾತಿನಲ್ಲಿ ಅದಕ್ಕಿಂತ ಚುರುಕು.

ಮನೆಯಲ್ಲಿ ಮೂರನೆಯವಳು ನಮ್ಮಕ್ಕ. ಅವಳನ್ನು ಹೂವಿನಹಡಗಲಿಯ ಮಲ್ಲಿಗೆ ತೋಟದ ಮನೆತನಕ್ಕೆ ಕೊಟ್ಟಿದ್ದೆವು. ಗಂಡ ಬೇಗ ತೀರಿಕೊಂಡ. ಅಕ್ಕ ತಿರುಗಿ ಬಂದಳು. ಬಂದ ವರ್ಷವೇ ಕಣದ ಯಜಮಾನಿಕೆ ತನ್ನ ಕೈಗೆ ತೆಗೆದುಕೊಂಡಳು. ನಾಲ್ಕು ಎಕರೆಯ ನಟ್ಟನಡುವೆ, ಬೇವಿನ ಮರದ ಪಕ್ಕದಲ್ಲಿ, ಸಗಣಿ ಸಾರಿಸಿ ಗಟ್ಟಿ ಮಾಡಿದ ದುಂಡು ಕಣ ನಮ್ಮದು. ಸುಗ್ಗಿಯಲ್ಲಿ ಅದರ ನಡುವಿನ ಮೇಟಿ ಕಂಬಕ್ಕೆ ಎತ್ತುಗಳನ್ನು ಸಾಲಾಗಿ ಕಟ್ಟಿ ತೆನೆಯ ಮೇಲೆ ಸುತ್ತಿಸುತ್ತಿದ್ದೆವು. ಅದಕ್ಕೆ ಹಂತಿ ಕಟ್ಟುವುದು ಎನ್ನುತ್ತಾರೆ. ಎತ್ತುಗಳಿಗೆ ಬೇಸರವಾಗದಂತೆ ಹಾಡುವುದು ಹಂತಿಯ ಪದ. ಅದು ಗಂಡಸರ ಹಾಡು ಎಂದು ಬಲ್ಲವರು ಬರೆದಿದ್ದಾರೆ. ಅವರು ನಮ್ಮ ಕಣಕ್ಕೆ ಬಂದಿರಲಿಲ್ಲ. ನಮ್ಮಲ್ಲಿ ಅಕ್ಕನೇ ಹಾಡುತ್ತಿದ್ದಳು. ಸುಗ್ಗಿ ಮುಗಿದ ಮೇಲೂ ಅದೇ ಧಾಟಿಯನ್ನು ರೊಟ್ಟಿ ಬಡಿಯುವಾಗ, ಕೇರುವಾಗ, ಕಸ ಗುಡಿಸುವಾಗ ಗುನುಗುತ್ತಿದ್ದಳು. ಅದು ನಮಗೆ ಗೋಡೆಯ ಗಡಿಯಾರದ ಸದ್ದಿನಷ್ಟೇ ಹಳೆಯದಾಗಿತ್ತು. ಕಿವಿಗೆ ಬಿದ್ದರೂ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಸೈಟಿನ ಮಾತು ಶುರುವಾದಾಗ ಅಕ್ಕ ನನ್ನೊಬ್ಬನಿಗೆ, ಮೊರದಲ್ಲಿ ಹುರುಳಿ ಕೇರುತ್ತ, ಒಂದೇ ಸಲ ಹೇಳಿದಳು: "ತಮ್ಮಾ, ನನಗ ಸೈಟು ಬ್ಯಾಡ, ಬ್ಯಾರೆ ಮನಿ ಬ್ಯಾಡ. ಕಣ ಒಂದು ಬಯಲಿರ್ಲಿ. ನಾ ಇರೋತನಕ ಅಲ್ಲಿ ಗ್ವಾಡಿ ಏಳೋದು ಬ್ಯಾಡ."

"ಏಳಂಗಿಲ್ಲ ಬಿಡಕ್ಕಾ," ಎಂದೆ. ಹಾಗೆ ಹೇಳಿದವನು ನಾನೇ ಅದನ್ನು ಕೆಡಿಸಿದೆ.

ಹಗರಿಬೊಮ್ಮನಹಳ್ಳಿಯಿಂದ ನಕ್ಷೆ ಬರೆಯುವವರೊಬ್ಬರನ್ನು ತಮ್ಮ ಕರೆಸಿದ. ಅವರು ಹಾಳೆ ಹರಡಿ, ಹೊಲದ ತುದಿಯಿಂದ ತುದಿಗೆ ಒಂದು ನೇರ ರಸ್ತೆ ಎಳೆದು, ಎರಡೂ ಕಡೆ ಬೆಂಕಿಪೆಟ್ಟಿಗೆ ಜೋಡಿಸಿದಂತೆ ಸೈಟುಗಳನ್ನು ಬರೆದಿದ್ದರು. ರಸ್ತೆ ಕಣದ ಎದೆಯ ಮೇಲೇ ಹಾಯ್ದಿತ್ತು. ಉಳಿದ ಕಣ ನಾಲ್ಕು ಸೈಟುಗಳಲ್ಲಿ ಹಂಚಿಹೋಗಿತ್ತು. ಅಕ್ಕ ಚಹಾದ ಲೋಟಗಳನ್ನು ಇಟ್ಟು, ನಕ್ಷೆಯನ್ನು ಒಮ್ಮೆ ನೋಡಿ, ಬಾಗಿಲ ಬಳಿ ಕೂತಳು.

ಮೊದಲು ಮಾತೆತ್ತಿದವನು ತಮ್ಮನೇ. "ಸರ್, ಈ ಕಣದ ಜಾಗ ಬಿಟ್ಟು ಬರೀರಿ. ಅಲ್ಲಿ ಗ್ವಾಡಿ ಏಳಿಸಿದ್ರ ಮನಿತನ ಉಳಿಯಂಗಿಲ್ಲ ಅಂತ ಮೈಲಾರದ ಗೊರವಯ್ಯ ನಮ್ಮ ಮುತ್ಯಾಗ ಹೇಳ್ಯಾನಂತ."

ಆ ಗಳಿಗೆಯಲ್ಲಿ ನಾನು ಬಾಯಿ ಮುಚ್ಚಿಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಕಣ ಉಳಿದುಬಿಡುತ್ತಿತ್ತು. ಆದರೆ ಆ ಕಥೆಯ ಬಗ್ಗೆ ನನಗೆ ಬಹಳ ವರ್ಷಗಳಿಂದ ಗುಮಾನಿಯಿತ್ತು. ಸುಳ್ಳಿನ ಆಧಾರದ ಮೇಲೆ ನನ್ನ ಪಕ್ಷ ಗೆಲ್ಲುವುದು ನನಗೆ ಸೇರಲಿಲ್ಲ. ಪೆಟ್ಟಿಗೆಯಿಂದ ಹಳೆಯ ಅಳತೆ ನಕ್ಷೆಯ ನಕಲು ತಂದು ಹಾಸಿದೆ. ಮುತ್ಯಾನ, ಎಂದರೆ ನಮ್ಮಜ್ಜನ, ಕಾಲದಲ್ಲಿ ಕಣವಿದ್ದದ್ದು ಹಳ್ಳದ ಕಡೆಯ ಮೂಲೆಯಲ್ಲಿ. ನಡುವಿಗೆ ತಂದವನು ನಮ್ಮಪ್ಪ. ಇನ್ನು ಗೋಡೆಯ ಮಾತು: ಮೇಟಿ ಕಂಬ ಬದಲಿಸಲು ಗುಂಡಿ ತೋಡಿದಾಗ ಹಳೆಯ ಗಚ್ಚು, ಕಲ್ಲಿನ ಸಾಲು ಸಿಕ್ಕದ್ದನ್ನು ಮನೆಯವರೆಲ್ಲ ಕಂಡಿದ್ದರು. ಅಲ್ಲೊಂದು ಗೋಡೆ ಇತ್ತು, ಬಿತ್ತು, ನಮ್ಮ ಮನೆತನ ಇನ್ನೂ ಇದೆ. ಇಷ್ಟನ್ನೂ ನಾನು ಒಂದೊಂದಾಗಿ, ತೃಪ್ತಿಯಿಂದ, ಬಿಡಿಸಿ ಹೇಳಿದೆ.

ತಮ್ಮ ಎಲ್ಲವನ್ನೂ ತಾಳ್ಮೆಯಿಂದ ಕೇಳಿದ. "ಹಂಗಾರ ಗೊರವಯ್ಯ ಹೇಳಿದ್ದು ಸುಳ್ಳು?"

"ಪೂರಾ ಸುಳ್ಳು."

"ಚಲೋ ಆತು ಬಿಡು. ಸರ್, ನಿಮ್ಮ ನಕ್ಷಿ ಹೆಂಗೈತೋ ಹಂಗ ಇರ್ಲಿ. ನಾಲ್ಕು ಸೈಟು ಉಳದ್ವು."

ಬಾಗಿಲ ಬಳಿಯಿಂದ ಅಕ್ಕನ ದನಿ ಬಂತು: "ಬಾಯಿ ಮುಚ್ಚಿಗೆಂಡು ಚಾ ಕುಡದಿದ್ರ ಏನಾಗ್ತಿತ್ತಪಾ ನಿನಗ?"

ಆಮೇಲೆ ನಾನು ಕೊಟ್ಟ ಕಾರಣಗಳು ಒಂದೂ ನಿಲ್ಲಲಿಲ್ಲ. ಆರು ಎಕರೆಯ ಬೆಳೆ ಒಕ್ಕಲು ಜಾಗ ಬೇಕಲ್ಲ ಎಂದೆ. "ಕಾನಹೊಸಹಳ್ಳಿ ಕಡಿಗೆ ಹೋಗಿ ನೋಡಣ್ಣಾ, ಹೈವೇ ಮ್ಯಾಲೆ ಹುರುಳಿ ಹರವ್ಯಾರ. ಲಾರಿ ಬರ್ತೈತಿ, ಒಕ್ಕಿ ಹೋಗ್ತೈತಿ. ಎತ್ತಿಗೆ ಹಾಕೋ ಹಿಂಡಿ ಸೈತ ಉಳೀತೈತಿ," ಎಂದ. ಗಾಳಿ ಬೇಕೆಂದೆ, ಫ್ಯಾನು ತೋರಿಸಿದ. ಬಯಲಿದ್ದರೆ ಚೆಂದ ಎಂದೆ. "ಚೆಂದಕ್ಕ ಯಾವ ಸರ್ವೆ ನಂಬರಣ್ಣಾ?" ಎಂದ. ನನಗೆ ಸಿಟ್ಟು ಬರಬೇಕಿತ್ತು, ನಗು ಬಂತು.

ಒಂದು ಮಾತಿನಲ್ಲಿ ಮಾತ್ರ ನಾನು ಗೆದ್ದೆ. ಸೈಟಿನ ಗಡಿ ಗುರುತಿಸಲು ಸುಣ್ಣದ ಪುಡಿಯ ಗೆರೆ ಹಾಕಿಸಿದ್ದರು. ನಮ್ಮ ಕಡೆಯ ಮುಂಗಾರಿನ ಗಾಳಿ ಅದನ್ನು ಎರಡೇ ದಿನದಲ್ಲಿ ಗಿರಣಿಯ ಹಿಟ್ಟಿನ ಜೊತೆ ಸೇರಿಸಿತು. ಗೂಟ ಹೊಡೆಸಿದರು, ಹಾದುಹೋದ ಕುರಿಹಿಂಡು ಅರ್ಧ ಗೂಟ ಕೆಡವಿತು, ಇನ್ನರ್ಧ ಯಾರದೋ ಒಲೆ ಸೇರಿತು. ಆಗ ನಾನಂದೆ: ಗೆರೆಗಳನ್ನು ಬಿತ್ತೋಣ. ಜೋಳದ ನಡುವೆ ಅಕ್ಕಡಿ ಸಾಲು ಬಿತ್ತುವುದಿಲ್ಲವೇ, ಹಾಗೆ. ಬೀಜ ಬಿತ್ತುವ ಕೂರಿಗೆಯ ಒಂದು ತೂತು ಬಿಟ್ಟು ಉಳಿದವನ್ನು ಅರಿವೆ ತುರುಕಿ ಮುಚ್ಚಿ, ರಸ್ತೆಯ ಅಂಚಿಗೆ, ಸೈಟಿನ ಗಡಿಗೆ ತೊಗರಿ ಬಿಡೋಣ. ಗಾಳಿಗೆ ಹಾರುವುದಿಲ್ಲ, ಒಲೆಗೆ ಹೋಗುವುದಿಲ್ಲ. ಕೊಳ್ಳುವವರು ಬರುವ ಹೊತ್ತಿಗೆ ಗಡಿ ಆಳೆತ್ತರ ನಿಂತಿರುತ್ತದೆ, ಕಡೆಗೆ ಬೇಳೆಯೂ ಆಗುತ್ತದೆ. ಬೇಳೆಯೆಂದ ಕೂಡಲೇ ತಮ್ಮ ಒಪ್ಪಿದ.

ಹದವಾದ ಮಳೆಯಾದ ಮರುದಿನ ಬೆಳಿಗ್ಗೆ ಕೂರಿಗೆ ಹೂಡಿದೆವು. ನಾನು ಕೂರಿಗೆ ಹಿಡಿದೆ. ಉಡಿಯಲ್ಲಿ ತೊಗರಿ ಕಟ್ಟಿಕೊಂಡು ಅಕ್ಕ ನನ್ನ ಹಿಂದೆ ಕೂರಿಗೆಯ ಬಟ್ಟಲಿಗೆ ಬೀಜ ಬಿಡುತ್ತ ಬಂದಳು. ಗಂಡನಿಲ್ಲದವಳು ಬೀಜ ಬಿಡಬಾರದು ಎಂದು ಹಿಂದೆ ನೆಂಟರಲ್ಲಿ ಕೆಲವರು ಗೊಣಗಿದ್ದುಂಟು. ಅವಳು ಬಿತ್ತಿದ ಹೊಲದ ತೆನೆ ತಂದು ಅವರ ಮುಂದಿಟ್ಟ ಮೇಲೆ ಆ ಮಾತು ನಿಂತಿತ್ತು. ತಮ್ಮ ಎದುರಿನ ತುದಿಯಲ್ಲಿ ನಕ್ಷೆ ಹಿಡಿದು, ನೇರಕ್ಕೆ ಗುರುತಾಗಿ ಬಿಳಿಯ ಅಂಗಿ ತೊಟ್ಟು ನಿಂತಿದ್ದ.

ಸೈಟಿನ ಗಡಿಗಳೆಲ್ಲ ಸೊಗಸಾಗಿ ಬಂದವು. ಕೊನೆಗೆ ರಸ್ತೆಯ ಅಂಚು ಬಿತ್ತುತ್ತ ಕಣದ ಬಳಿ ಬಂದೆವು. ಕಣದ ನೆಲ ಗಟ್ಟಿ, ಅಲ್ಲಿ ಕೂರಿಗೆ ಎತ್ತಿ ಹಿಡಿದು ದಾಟಿಸಬೇಕೆಂದು ನಾನು ಅಣಿಯಾಗುತ್ತಿದ್ದೆ. ಅಷ್ಟರಲ್ಲಿ ಎತ್ತುಗಳೆರಡೂ ಹೇಳಿಕೊಟ್ಟ ಹಾಗೆ ಎಡಕ್ಕೆ ಹೊರಳಿದವು. ಕಣದ ಅಂಚು ಹಿಡಿದು ಸುತ್ತತೊಡಗಿದವು. ಹಗ್ಗ ಜಗ್ಗಿದೆ, ಬೈದೆ. ತಮ್ಮ ನಕ್ಷೆ ಬೀಸುತ್ತ ಕೂಗಿದ: "ಅಣ್ಣಾ! ಎತ್ತಾಗ ಹೊಂಟಿ? ರಸ್ತಾ ಈ ಕಡಿಗೈತಿ!"

"ನಾನೆಲ್ಲಿ ಹೊಂಟೀನೋ, ಇವು ಹೊಂಟಾವ!"

ಪೂರ್ತಿ ಒಂದು ಸುತ್ತು ಮುಗಿಸಿ, ಇನ್ನೂ ಅರ್ಧ ಸುತ್ತು ನಡೆದು, ಆಚೆಯ ಬದಿಯಲ್ಲಿ ಎತ್ತುಗಳು ಮತ್ತೆ ದಾರಿಗೆ ಬಂದವು. ಹಿಂದಿರುಗಿ ನೋಡಿದರೆ ಅಕ್ಕ ಒಂದು ಕಾಳೂ ತಪ್ಪದಂತೆ ಬೀಜ ಬಿಟ್ಟುಕೊಂಡು ಬಂದಿದ್ದಳು.

"ಬೀಜ ಯಾಕ ಬಿಟ್ಟಿಯಕ್ಕಾ?"

"ಕೂರಿಗಿ ಹಿಂದ ಬೀಜ ಬಿಡು ಅಂದಿ, ಬಿಟ್ಟೆ. ಕೂರಿಗಿ ಎತ್ತಾಗ ಹೋಗ್ತೈತಿ ಅನ್ನೋದು ಕೂರಿಗಿ ಹಿಡದಾನ ಕೆಲಸ."

ತಮ್ಮ ಆ ಸಾಲನ್ನು ಅಳಿಸಿ ಮತ್ತೆ ಬಿತ್ತು ಎಂದ. ಹದ ಹೋಗುತ್ತದೆ, ಇನ್ನೊಂದು ಮಳೆಯಾಗಲಿ ಎಂದೆ. ನಿಜ ಹೇಳಬೇಕೆಂದರೆ ಹದ ಇನ್ನೂ ಎರಡು ದಿನ ಇರುತ್ತಿತ್ತು.

ಮೊಳಕೆ ಕಾಣುವಷ್ಟು ಎದ್ದ ದಿನ ಮನೆಯವರೆಲ್ಲ ಮಾಳಿಗೆ ಹತ್ತಿದೆವು. ಕಪ್ಪು ನೆಲದ ಮೇಲೆ ಹಸಿರು ಗೆರೆಗಳ ಚೌಕಗಳು, ಅವುಗಳ ನಟ್ಟನಡುವೆ ಯಾರೋ ಬಳೆ ಇಟ್ಟು ಬರೆದಂತೆ ಒಂದು ವರ್ತುಲ. ಹೆಂಗಸರು ಮಕ್ಕಳು ಹೋ ಎಂದರು. ತಮ್ಮ ಕೈಯಲ್ಲಿದ್ದ ನಕ್ಷೆಯನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡ.

ಸೈಟು ನೋಡಲು ಮೊದಲು ಬಂದವನು ಪೇಟೆಯಲ್ಲಿ ಮೋಟಾರು ರಿಪೇರಿ ಮಾಡುವ ಸಾಬರ ಹುಡುಗ. ನಮ್ಮ ಬಾವಿಯ ಪಂಪು ಕೆಟ್ಟಾಗಲೆಲ್ಲ ಅವನ ತಂದೆ, ತಂದೆಯ ನಂತರ ಅವನು ಬಿಚ್ಚಿದ್ದು. ಜೊತೆಗೆ ಅವನ ತಾಯಿ. ತಮ್ಮ ನಕ್ಷೆ ಬಿಡಿಸಿ ಅಂಕಿಗಳನ್ನು ಹೇಳುತ್ತಿದ್ದ. ಆಕೆ ನಕ್ಷೆಯ ಕಡೆ ನೋಡಲೇ ಇಲ್ಲ. ತೊಗರಿಯ ಸಾಲು ಹಿಡಿದು ನಡೆದು ಹೋಗಿ ಕಣದ ನಡುವೆ ನಿಂತು, ನಾಲ್ಕೂ ಕಡೆ ತಿರುಗಿ ನೋಡಿದಳು.

"ಯಜಮಾನ್ರ, ಈ ದುಂಡನ್ನ ಬಯಲು ಯಾರಿಗೆ ಬಿಟ್ಟೀರಿ?"

ತಮ್ಮ ಉತ್ತರ ಹುಡುಕುವ ಮೊದಲೇ ಅಕ್ಕ, "ಎಲ್ಲಾರಿಗೂ ಬಿಟ್ಟೈತಿ ನೋಡವಾ," ಎಂದಳು.

"ಹಂಗಾರ ಇದರ ಮುಂದಿನ ಮನಿ ನಮಗ ಕೊಡ್ರಿ. ಶಾವಿಗಿ ಒಣಗಸಾಕ ಜಾಗಿಲ್ದ ಆ ಓಣ್ಯಾಗ ಸಾಕಾಗೇತಿ. ಮಾಳಿಗಿ ಮ್ಯಾಲೆ ಹಾಕಿದ್ರ ಮಂಗ್ಯಾ, ಕೆಳಗ ಹಾಕಿದ್ರ ಆಡು."

ಆಮೇಲೆ ಬಂದವರದೂ ಅದೇ ರಾಗ. ಹರಪನಹಳ್ಳಿಯಿಂದ ಬಂದ ನಿವೃತ್ತ ಮಾಸ್ತರರು, ಕೂಡ್ಲಿಗಿಯ ಬಟ್ಟೆ ಅಂಗಡಿಯವರು, ಎಲ್ಲರಿಗೂ ದುಂಡು ಬಯಲಿನ ಎದುರಿನ ಸೈಟೇ ಬೇಕು. ತಮ್ಮ ವ್ಯಾಪಾರಸ್ಥ; ಗಿರಾಕಿಯ ಕಣ್ಣು ಎಲ್ಲಿದೆಯೆಂದು ತಿಳಿಯಲು ಅವನಿಗೆ ಹೆಚ್ಚು ಹೊತ್ತು ಬೇಕಿಲ್ಲ. ಒಂದು ಮಧ್ಯಾಹ್ನ ನಕ್ಷೆಯನ್ನು ನನ್ನ ಮುಂದೆ ಹಾಸಿ, ತಾನು ಕುಡಿದು ಮುಗಿಸಿದ ಚಹಾದ ಲೋಟವನ್ನು ಕಣದ ಮೇಲಿಟ್ಟು ಎತ್ತಿದ. ತಳದ ಚಹಾ ಹಾಳೆಯ ಮೇಲೆ ದುಂಡಗೆ ಮೂಡಿತು. "ಇಷ್ಟು ಬಿಟ್ರ ಸಾಕೇನು?" ಎಂದ. ನಕ್ಷೆ ಬರೆಯುವವರು ಆ ಚಹಾದ ಗೆರೆಯ ಮೇಲೇ ಮಸಿ ಹಾಯಿಸಿದರು. ಕಾಗದಪತ್ರಗಳೆಲ್ಲ ಆ ನಕ್ಷೆಯ ಮೇಲೆ ನಡೆದವು.

ಗೆದ್ದ ಹುರುಪಿನಲ್ಲಿ ನಾನು ಇನ್ನಷ್ಟು ಷರತ್ತು ಹಾಕಿದೆ. ಇದ್ದ ಬೇವು, ಹುಣಸೆ ಕಡಿಯಬಾರದು; ರಸ್ತೆ ಮೇವು ಹೇರಿದ ಬಂಡಿ ಹಾಯುವಷ್ಟು ಅಗಲವಿರಬೇಕು; ಪ್ರತಿ ಮನೆಯ ಮುಂದೆ ಹಾದಿಹೋಕರು ಕೂರುವಂಥ ಕಟ್ಟೆಯಿರಬೇಕು; ಕಾಂಪೌಂಡು ನಿಂತ ಎತ್ತಿನ ಬೆನ್ನಿಗಿಂತ ಎತ್ತರವಿರಬಾರದು. "ಯಾರ ಮನಿ ಎತ್ತು ಅಂತ ಬರದುಬಿಡು," ಎಂದ ತಮ್ಮ, "ಇಲ್ಲಂದ್ರ ಒಬ್ಬೊಬ್ರು ಆನಿ ತಂದು ನಿಲ್ಲಸ್ತಾರ." ಆದರೂ ಬಂದವರು ಒಪ್ಪಿದರು, ಹಾಗೆಯೇ ಕಟ್ಟಿದರು. ಮೊದಲ ಮನೆಗಳು ಎದ್ದಾಗ ಅವುಗಳ ನಡುವೆ ತೊಗರಿ ಇನ್ನೂ ನಿಂತಿತ್ತು. ಒಬ್ಬರ ಬಚ್ಚಲ ಹಿಂದಿನ ಗಡಿಯ ಕಾಯಿಯನ್ನು ಇನ್ನೊಬ್ಬರು ಬಿಡಿಸಿ, ಸಂಜೆ ಸಾರು ಕೊಟ್ಟು ಕಳಿಸುತ್ತಿದ್ದರು.

ಆಗಲೇ ಮೈಲಾರಲಿಂಗನ ಕಥೆ ಹುಟ್ಟಿದ್ದು. ಯಾರೋ ಮೇಟಿಯ ಬುಡಕ್ಕೆ ಮೈಲಾರನ ಭಂಡಾರದ ಅರಿಶಿನವನ್ನೂ ಹಚ್ಚಿದರು. ನನಗೆ ಸುಮ್ಮನಿರಲಾಗಲಿಲ್ಲ. ಕಟ್ಟೆ ಕಟ್ಟೆಗೂ ಹೋಗಿ ವಿವರಿಸಿದೆ: ಪವಾಡವೂ ಇಲ್ಲ, ಏನೂ ಇಲ್ಲ, ಅದೇ ಎತ್ತುಗಳು ವರ್ಷಗಟ್ಟಲೆ ಅದೇ ಕಣದಲ್ಲಿ ಎಡಕ್ಕೆ ಸುತ್ತಿವೆ, ಪ್ರಾಣಿಯ ಕಾಲಿಗೆ ನೆಲದ ನೆನಪಿರುತ್ತದೆ, ಕಣ ಕಂಡೊಡನೆ ಕಾಲು ತಾನಾಗಿ ಹೊರಳಿತು. ಇದು ಕೇಳುವವರಿಗೆ ಬಹಳ ಹಿಡಿಸಿತು. ಹೇಳುವ ನನಗೆ ಇನ್ನೂ ಹೆಚ್ಚು.

ಹರಪನಹಳ್ಳಿಯ ಮಾಸ್ತರರೊಬ್ಬರೇ ಒಪ್ಪಲಿಲ್ಲ. "ನೀವು ಯಾರ ಮಾತನ್ನೂ ನೋಡದೆ ನಂಬೋದಿಲ್ಲ ಅಲ್ರೀ? ನಾವೂ ಹಂಗೇ. ತೋರಿಸ್ರಿ ನೋಡಾಣ."

ನ್ಯಾಯವಾದ ಮಾತು. ಮರುದಿನ ಬೆಳಿಗ್ಗೆಯೇ ಎತ್ತು ಹೂಡಿ, ಖಾಲಿ ಕೂರಿಗೆಯೊಂದಿಗೆ ಕಣದ ಅಂಚಿಗೆ ಬಂದೆ. ಓಣಿಯವರೆಲ್ಲ ಕಟ್ಟೆಗಳ ಮೇಲೆ ಸೇರಿದರು. ರಂಜಾನ್ ಹತ್ತಿರವಿತ್ತು, ಕಣದ ಆಚೆಯ ಬದಿಯಲ್ಲಿ ಮೋಟಾರು ರಿಪೇರಿಯವನ ತಾಯಿ ಮಂಚಗಳನ್ನು ಸಾಲಾಗಿಟ್ಟು ಶಾವಿಗೆ ಹರಡಿದ್ದಳು. ನಾನು ಹಗ್ಗ ಸಡಿಲ ಬಿಟ್ಟೆ. "ನೋಡ್ರಿ, ಈಗ ತಾವ ಎಡಕ್ಕ ಹೊಳ್ಳತಾವ," ಎಂದೆ.

ಎತ್ತುಗಳು ಹೊರಳಲಿಲ್ಲ. ತಲೆ ಅಲ್ಲಾಡಿಸುತ್ತ, ಹೆದ್ದಾರಿಯಲ್ಲಿ ಹೋಗುವ ಹಾಗೆ, ಕಣದ ನಡುವಿನಿಂದ ನೆಟ್ಟಗೆ ದಾಟಿ ಮೊದಲ ಮಂಚದ ಶಾವಿಗೆಗೆ ಬಾಯಿ ಹಾಕಿದವು.

"ಯಜಮಾನ್ರ!" ಎಂದು ಆಕೆ ಸೆರಗು ಕಟ್ಟಿಕೊಂಡು ಓಡಿಬಂದಳು. "ಎತ್ತಿಗೆ ಶಾವಿಗಿ ಬೇಕಾಗಿದ್ರ ಮೊದಲ ಹೇಳಬಾರದೇನ್ರೀ? ಹಾಲು ಸಕ್ರಿ ಹಾಕಿ ಕುದಿಸಿ ಕೊಡ್ತಿದ್ದೆ!"

ಓಣಿಗೆ ಓಣಿಯೇ ನಕ್ಕಿತು. ಮಾಸ್ತರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನಾನು ಎತ್ತು ಹಿಂದೆ ಜಗ್ಗಿ, ತಿರುಗಿಸಿ, ಇನ್ನೊಮ್ಮೆ ಬಿಟ್ಟೆ. ಮತ್ತೆ ನೆಟ್ಟಗೆ. ಮೂರನೆಯ ಸಲಕ್ಕೆ ತಂದಾಗ ನನ್ನ ಮುಖ ಹೇಗಿತ್ತೋ, ಬೇವಿನ ಕೆಳಗೆ ಕೂತಿದ್ದ ಅಕ್ಕನಿಗೆ ಕರುಣೆ ಬಂದಿರಬೇಕು. ಮೊರ ಕೆಳಗಿಟ್ಟು ಮೆಲ್ಲಗೆ ಹಂತಿಯ ಧಾಟಿ ಎತ್ತಿದಳು.

ಎತ್ತುಗಳ ಕಿವಿ ಹಿಂದಕ್ಕೆ ಹೊರಳಿದವು. ಆಮೇಲೆ ಕಾಲು ಹೊರಳಿದವು. ಎಡಕ್ಕೆ, ಕಣದ ಅಂಚು ಹಿಡಿದು, ಒಂದು ಸುತ್ತು, ಎರಡು ಸುತ್ತು. ಹಾಡು ನಿಂತಿತು, ಎತ್ತುಗಳೂ ನಿಂತವು.

ನಾನು ಕೂರಿಗೆ ಹಿಡಿದು ಹಾಗೇ ನಿಂತೆ. ಅಂದು ತೊಗರಿ ಬಿತ್ತುವಾಗ ನನ್ನ ಹಿಂದೆ ಗುನುಗು ಇತ್ತೇ? ಇತ್ತು. ಯಾವಾಗ ತಾನೇ ಇರಲಿಲ್ಲ!

"ಅಕ್ಕಾ, ಅವತ್ತು ಹೊಳ್ಳಿಸಿದಾಕಿ ನೀನಾ?"

"ನಾನು ಹೊಳ್ಳು ಅಂದಿದ್ದು ಯಾರರೆ ಕೇಳ್ಯಾರೇನು? ಹಾಡೋದು ನನ್ನ ಬಾಯಿ, ಹೊಳ್ಳೋದು ಅವುಗಳ ಕಾಲು." ಮೊರ ಮತ್ತೆ ಕೈಗೆತ್ತಿಕೊಂಡಳು. "ಕಣ ಉಳಸ್ತೀನಿ ಅಂದಿ. ಉಳಸೋ ಕಥಿ ಇತ್ತು, ಅದನ್ನೂ ಕೆಡಸಿದಿ. ಮತ್ತ ನಾನರೆ ಏನರೆ ಮಾಡಬೇಕಿತ್ತಲ್ಲ."

ನಾನು ತಮ್ಮನ ಕಡೆ ನೋಡಿದೆ. ಅವನಿಗೆ ಸಿಟ್ಟು ಬಂದೀತೆಂಬ ಅಳುಕು ಇನ್ನೂ ಇತ್ತು. ಅವನು ಕಟ್ಟೆಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದ.

"ಅಣ್ಣಾ, ನಿನಗ ಇವತ್ತು ಗೊತ್ತಾತೇನು? ನಾನು ಹೊಲದ ಆ ತುದಿಗೆ ನಿಂತಾವ್ನಿಗೆ ಅವತ್ತು ಹಾಡು ಕೇಳಿಸಿತ್ತು. ನೀನು ಮುಂದಿದ್ದಾವ್ನು, ಎರಡು ವರ್ಷ ಕಾಲಿನ ನೆನಪು, ನೆಲದ ನೆನಪು ಅಂತ ಭಾಷಣ ಮಾಡಿದಿ."

"ಗೊತ್ತಿದ್ದು ಯಾಕ ಸುಮ್ಮನಿದ್ದಿ?"

"ಅಕ್ಕ ಅಷ್ಟು ದೊಡ್ಡದಾಗಿ ಯಾವತ್ತರೆ ಏನರೆ ಕೇಳ್ಯಾಳೇನು?" ಎಂದ. ತನ್ನ ಮರ್ಯಾದೆಗೆಂಬಂತೆ ಸೇರಿಸಿದ: "ಮ್ಯಾಲೆ ಗಿರಾಕಿಗೂ ಅದ ಬೇಕಾಗಿತ್ತು."

ಆ ವರ್ಷದ ಸುಗ್ಗಿಯಲ್ಲಿ ಹಂತಿ ಕಟ್ಟಿದಾಗ ಓಣಿಯ ಜನರೆಲ್ಲ ಕಣಕ್ಕೆ ಬಂದರು. ಅಕ್ಕ ಹಾಡಿದಳು. ಮಾಸ್ತರರು ಬರೆದುಕೊಳ್ಳಲು ಕೂತು, ಎರಡನೆಯ ನುಡಿಗೇ ಪುಸ್ತಕ ಮಡಿಸಿ ಎತ್ತಿನ ಹಿಂದೆ ನಡೆದರು. ಶಾವಿಗೆಯ ತಾಯಿ ಪದದ ಸೊಲ್ಲಿಗೆ ದನಿಗೂಡಿಸಿದಳು. ಆಕೆಯ ಮೊಮ್ಮಗಳು ಎತ್ತುಗಳಿಗಿಂತ ಮೊದಲೇ ಎಡಕ್ಕೆ ಓಡುತ್ತಿದ್ದಳು.

ಒಕ್ಕಣೆ ಮುಗಿದ ದಿನ ತಮ್ಮ ಒಂದು ಕಾಗದ ತಂದು ಅಕ್ಕನ ಮುಂದೆ ಹಿಡಿದ. ಕಣದ ಜಾಗ ಯಾರ ಹೆಸರಿಗೂ ಸೇರದೆ ಎಲ್ಲ ಮನೆಗಳಿಗೂ ಬಯಲಾಗಿಯೇ ಉಳಿಯತಕ್ಕದ್ದು ಎಂದು ಬರೆಸಿ, ನಮ್ಮಿಬ್ಬರ ಸಹಿ ಹಾಕಿಸಿ, ಸಾಕ್ಷಿಗೆಂದು ಅವಳ ಸಹಿ ಕೇಳಲು ಬಂದಿದ್ದ. ಅವಳಿಗೆ ಓದಲು ಬರುತ್ತಿರಲಿಲ್ಲ. ಹೆಸರು ಬರೆಯಲು ನಾನೇ ಕಲಿಸಿದ್ದೆ.

"ಗ್ವಾಡಿ ಏಳಬಾರದು ಅಂತ ಬರದೈತೇನು?"

"ಬರದೈತಿ."

"ಯಾಕ ಏಳಬಾರದು ಅಂತ?"

ತಮ್ಮ ಕಾಗದವನ್ನು ಮೇಲಿಂದ ಕೆಳಗೆ ನೋಡಿದ. "ಕಾರಣ ಬರಸಿಲ್ಲಕ್ಕಾ. ಬರಸಬೇಕಾಗಿತ್ತೇನು?"

"ಬ್ಯಾಡ ಬ್ಯಾಡ, ಚಲೋ ಆತು," ಎಂದು ಅಕ್ಕ ನನ್ನ ಕಡೆ ನೋಡುತ್ತ ಪೆನ್ನು ಇಸಿದುಕೊಂಡಳು. "ಕಾರಣ ಬರಸಿದ್ರ ಇಂವ ಮತ್ತ ನಕ್ಷಿ ತಂದು ಸುಳ್ಳು ಅಂತ ಸಾಧಿಸ್ತಿದ್ದ."